ಅಕ್ವೇರಿಯಂ ಮೀನಿನ ಆಹಾರ: ಪ್ಯಾಕೆಟ್ ತಿರುಗಿಸಿ ಓದಿದರೆ ಏನು ಗೊತ್ತಾಗುತ್ತದೆ?

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಹಠಕ್ಕೆ ನಮ್ಮ ಮನೆಗೆ ನಾಲ್ಕು ಗೋಲ್ಡ್ ಫಿಶ್ ಬಂದವು. ಮೀನು ಆರಿಸಿದ್ದು ಐದೇ ನಿಮಿಷದಲ್ಲಿ. ಆಹಾರ ಆರಿಸಲು ಹೋದಾಗ ತಲೆ ಕೆಟ್ಟಿತು. ಹುಬ್ಬಳ್ಳಿಯ ಆ ಅಂಗಡಿಯವರು ಮೂರು ಪ್ಯಾಕೆಟ್ ಮುಂದಿಟ್ಟರು. ಒಂದಕ್ಕೆ 60 ರೂಪಾಯಿ, ಇನ್ನೊಂದಕ್ಕೆ 180, ಮತ್ತೊಂದಕ್ಕೆ 450. ತೂಕ ಹೆಚ್ಚುಕಮ್ಮಿ ಒಂದೇ. ಮೂರರ ಮೇಲೂ ಕೆಂಪಗೆ ಹೊಳೆಯುವ ಮೀನಿನ ಚಿತ್ರ. ಮೂರೂ ಬಣ್ಣ ಹೆಚ್ಚಿಸುತ್ತವಂತೆ, ಮೂರೂ ನೀರು ಕೆಡಿಸುವುದಿಲ್ಲವಂತೆ. "ಯಾವುದು ಚಲೋರೀ?" ಎಂದು ಕೇಳಿದೆ. "ಎಲ್ಲಾ ಚಲೋನ ಅದಾವ್ರಿ ಸರ, ನೀವು ಎಷ್ಟರಾಗ ನೋಡಾಕತ್ತೀರಿ ಹೇಳ್ರಿ" ಎಂದರು.

ನಾನು ಆ ಮೂರನ್ನೂ ಬಿಟ್ಟು, ಮೂಲೆಯಲ್ಲಿದ್ದ ಅರ್ಧ ಕೆಜಿಯ ಹೆಸರಿಲ್ಲದ ಪ್ಲಾಸ್ಟಿಕ್ ಚೀಲ ತಂದೆ. ಅಗ್ಗ ಅಲ್ವಾ. ಎರಡೇ ವಾರದಲ್ಲಿ ಟ್ಯಾಂಕಿನ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ನಲ್ಲಿ ನೀರಿಗೆ ನಾಲ್ಕೈದು ದಿನ ಕಾಯುವ ಓಣಿ ನಮ್ಮದು. ಹಿಡಿದಿಟ್ಟ ಮಲಪ್ರಭೆ ನೀರನ್ನು ಕೊಡಗಟ್ಟಲೆ ಮೀನಿಗೆ ಸುರಿಯುವುದನ್ನು ನೋಡಿ ಅವ್ವ ಬೈದಳು. ಆಮೇಲೆ ಬುದ್ಧಿ ಬಂದು ಪ್ಯಾಕೆಟ್‌ಗಳ ಹಿಂಬದಿ ಓದಲು ಕುಳಿತೆ. ಓದಿ, ಕೇಳಿ, ಒಂದಿಷ್ಟು ಕೆಡಿಸಿಕೊಂಡು ಕಲಿತದ್ದು ಇಲ್ಲಿದೆ. ಮನೆಯಲ್ಲಿ ಹೊಸದಾಗಿ ಟ್ಯಾಂಕ್ ಇಟ್ಟವರಿಗೆ ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ನಿಂತು ಪೇಚಾಡುವುದು ತಪ್ಪುತ್ತದೆ.

ಮುಂಬದಿ ಕೂಗು, ಹಿಂಬದಿ ಲೆಕ್ಕ

ಪ್ಯಾಕೆಟ್‌ಗೆ ಎರಡು ಮುಖ. ಮುಂಬದಿ ಎಂದರೆ ನಮ್ಮ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಕೈಗಾಡಿಯವರು ಕೂಗುವ ಕೂಗು. ಪ್ರೀಮಿಯಂ, ನ್ಯಾಚುರಲ್, ಅಡ್ವಾನ್ಸ್‌ಡ್ ಫಾರ್ಮುಲಾ, ಜಪಾನ್ ಟೆಕ್ನಾಲಜಿ. ಈ ಮಾತುಗಳಿಗೆ ಅಳತೆಗೋಲು ಇಲ್ಲ. ಎಷ್ಟು ಇದ್ದರೆ ಪ್ರೀಮಿಯಂ, ಎಷ್ಟಕ್ಕಿಂತ ಕಡಿಮೆಯಾದರೆ ಅಲ್ಲ ಎಂದು ಯಾರನ್ನು ಕೇಳುವುದು?

ಹಿಂಬದಿಯಲ್ಲಿ ಎರಡು ಸಂಗತಿ ಇರುತ್ತವೆ. ಒಂದು, ಪದಾರ್ಥಗಳ ಪಟ್ಟಿ, ಅಂದರೆ ಏನೇನು ಬೆರೆಸಿದ್ದಾರೆ ಎಂಬುದು. ಇನ್ನೊಂದು, ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು, ನಾರು ಎಷ್ಟು ಎಂಬ ಶೇಕಡಾ ಲೆಕ್ಕ. ಇವುಗಳ ಜೊತೆ ತಯಾರಿಸಿದ ತಿಂಗಳು, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ಅಥವಾ ಆಮದು ಮಾಡಿದವರ ವಿಳಾಸ ಇರಬೇಕು. ಇದು 2011ರ ಪ್ಯಾಕೆಟ್ ಸಾಮಾನುಗಳ ತೂಕ ಮತ್ತು ಅಳತೆ ನಿಯಮ. ಹೊರದೇಶದ್ದಾದರೆ ಯಾವ ದೇಶದ್ದು ಎಂದೂ ಬರೆಯಬೇಕು. "ಜಪಾನ್ ಟೆಕ್ನಾಲಜಿ" ಎಂದು ದೊಡ್ಡದಾಗಿ ಬರೆದದ್ದು ಎಲ್ಲಿ ತಯಾರಾಗಿದೆ ಎಂಬುದು ಈ ಸಣ್ಣ ಅಕ್ಷರದಲ್ಲೇ ಸಿಗುತ್ತದೆ. ನಾನು ತಂದ ಚೀಲದ ಮೇಲೆ ಇದ್ಯಾವುದೂ ಇರಲಿಲ್ಲ ಬಿಡಿ.

ಮೊದಲು ಬರೆದದ್ದೇ ಜಾಸ್ತಿ, ಆದರೆ ಯಾವಾಗ ತೂಗಿದರು?

ಪಟ್ಟಿಯನ್ನು ತೂಕದ ಪ್ರಕಾರ ಬರೆಯುತ್ತಾರೆ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಅಮೆರಿಕ, ಯುರೋಪಿನಲ್ಲಿ ಇದು ನಿಯಮ, ನಮ್ಮಲ್ಲೂ ಸಾಮಾನ್ಯವಾಗಿ ಅದೇ ರೂಢಿ. ಮೊದಲ ನಾಲ್ಕೈದು ಹೆಸರು ಓದಿದರೆ ಪ್ಯಾಕೆಟ್‌ನಲ್ಲಿ ಬಹುಪಾಲು ಏನಿದೆ ಎಂದು ತಿಳಿಯುತ್ತದೆ.

ಇಲ್ಲೇ ಒಂದು ಸೂಕ್ಷ್ಮ ಇದೆ. ತೂಗುವುದು ಮಿಕ್ಸರ್‌ಗೆ ಹಾಕುವಾಗ, ಒಣಗಿಸಿದ ಮೇಲೆ ಅಲ್ಲ.

ಧಾರವಾಡ ಪೇಡೆಯನ್ನೇ ತೆಗೆದುಕೊಳ್ಳಿ. ಐದು ಲೀಟರ್ ಹಾಲು ಕಾಯಿಸಿದರೆ ಸುಮಾರು ಒಂದು ಕೆಜಿ ಖೋವಾ ಸಿಗುತ್ತದೆ. ಈಗ ಒಬ್ಬರು ಪೆಟ್ಟಿಗೆಯ ಮೇಲೆ "ಹಾಲು 5 ಕೆಜಿ, ಸಕ್ಕರೆ 1 ಕೆಜಿ" ಎಂದು ಬರೆದರು ಎನ್ನಿ. ಇನ್ನೊಬ್ಬರು "ಖೋವಾ 1 ಕೆಜಿ, ಸಕ್ಕರೆ 1 ಕೆಜಿ" ಎಂದರು. ಪೇಡೆ ಒಂದೇ. ಆದರೆ ಮೊದಲನೆಯದರಲ್ಲಿ ಹಾಲಿನ ಹೊಳೆಯೇ ಹರಿದಂತೆ ಕಾಣುತ್ತದೆ.

ಮೀನಿನ ಆಹಾರದಲ್ಲೂ ಹೀಗೇ. ಪಟ್ಟಿಯ ಮೊದಲಿಗೆ "ಹೋಲ್ ಸಾಲ್ಮನ್" ಎಂದಿದ್ದರೆ ಅದು ಹಸಿ ಮೀನು, ಬಹುಪಾಲು ನೀರು. "ಫಿಶ್ ಮೀಲ್" ಎಂದರೆ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಮಾಡಿದ ಪುಡಿ. ನಮ್ಮ ಕರಾವಳಿಯಲ್ಲಿ ಬೂತಾಯಿಯಂಥ ಮೀನುಗಳಿಂದ ಇದನ್ನು ಮಾಡುತ್ತಾರೆ. ನಾಲ್ಕೈದು ಕೆಜಿ ಮೀನಿಗೆ ಒಂದು ಕೆಜಿ ಪುಡಿ. ಅದರಲ್ಲಿ 60ರಿಂದ 70% ಪ್ರೋಟೀನ್ ಇರುತ್ತದೆ. ಹಾಗಾಗಿ ಫಿಶ್ ಮೀಲ್ ಎಂದರೆ ಕೀಳು, ಹೋಲ್ ಫಿಶ್ ಎಂದರೆ ಮೇಲು ಎಂಬ ಮಾತು ಅಷ್ಟು ಸರಳ ಅಲ್ಲ. ಹಸಿ ಮೀನು ಒಳ್ಳೆಯ ಪದಾರ್ಥವೇ. ಆದರೆ ಒಣಗಿದ ಮೇಲೆ ಅದರ ಪಾಲು ಕುಗ್ಗಿ, ಪಟ್ಟಿಯಲ್ಲಿ ಎರಡನೆಯದಾಗಿದ್ದ ಗೋದಿ ಹಿಟ್ಟು ಮೊದಲಿಗೆ ಬಂದು ಕೂರಬಹುದು. ಫಿಶ್ ಮೀಲ್‌ಗಳಲ್ಲೂ ತರತಮ ಇದೆ. ಇಡೀ ಮೀನಿನದು ಒಂದು ಥರ. ಮಾಂಸ ತೆಗೆದ ಮೇಲೆ ಉಳಿದ ತಲೆ, ಮುಳ್ಳು, ಬಾಲದ್ದು ಇನ್ನೊಂದು ಥರ. ಪ್ಯಾಕೆಟ್‌ನಲ್ಲಿ ಎರಡಕ್ಕೂ ಒಂದೇ ಹೆಸರು ಇರುತ್ತದೆ, ಗುರುತಿಸುವ ದಾರಿ ಮುಂದೆ ಹೇಳುತ್ತೇನೆ.

ಇನ್ನೊಂದು ಚಾಲಾಕಿ ಇದೆ. 15 ಎಕರೆ ಹೊಲ ಇರುವ ಮನೆಯವರು ಮೂರು ಜನ ಅಣ್ಣತಮ್ಮಂದಿರ ಹೆಸರಿಗೆ ಐದೈದು ಎಕರೆ ಉತಾರ ಮಾಡಿಸಿದರೆ ಕಾಗದದಲ್ಲಿ ಮೂವರೂ ಸಣ್ಣ ರೈತರೇ. ಉಣ್ಣುವುದು ಮಾತ್ರ ಒಂದೇ ಒಲೆಯ ಅಡಿಗೆ. ಪಟ್ಟಿಯಲ್ಲಿ ಗೋದಿಯೂ ಹೀಗೇ ಪಾಲಾಗುತ್ತದೆ: ಗೋದಿ ಹಿಟ್ಟು, ವೀಟ್ ಗ್ಲುಟೆನ್, ವೀಟ್ ಜರ್ಮ್, ಕೆಳಗೆ ಎಲ್ಲೋ ಗೋದಿ ತೌಡು. ಒಂದೊಂದೂ ಫಿಶ್ ಮೀಲ್‌ಗಿಂತ ಕಡಿಮೆ, ಆದ್ದರಿಂದ ಫಿಶ್ ಮೀಲ್ ಮೊದಲ ಸ್ಥಾನದಲ್ಲಿ ಮೆರೆಯುತ್ತದೆ. ಎಲ್ಲ ಗೋದಿಯನ್ನೂ ಒಂದೇ ಉತಾರಕ್ಕೆ ತಂದು ನೋಡಿದರೆ ಚಿತ್ರ ಬದಲಾಗಬಹುದು. ಬೇಕೆಂದೇ ಹೀಗೆ ಮಾಡುತ್ತಾರೆ ಎಂದೇನಿಲ್ಲ. ಗ್ಲುಟೆನ್ ಎಂದರೆ ಗೋದಿಯ ಪ್ರೋಟೀನ್ ಭಾಗ, ಅದಕ್ಕೆ ಬೇರೆಯದೇ ಕೆಲಸ ಇದೆ. ಓದುವವರು ಕೂಡಿಸಿಕೊಂಡು ಓದಬೇಕು, ಅಷ್ಟೇ.

ಇನ್ನು ಪಟ್ಟಿಯ ಕೊನೆ. ಎಲ್ಲೋ ಒಂದು ಕಡೆ ವಿಟಮಿನ್‌ಗಳ ಹೆಸರು ಅಥವಾ ಉಪ್ಪು ಬರುತ್ತದೆ. ಅವುಗಳನ್ನು ಹಾಕುವುದೇ ಚಿಟಿಕೆಯಷ್ಟು. ಅಲ್ಲಿಗೆ ಒಂದು ಗೆರೆ ಎಳೆಯಿರಿ. ಗೆರೆಯ ಕೆಳಗೆ ಬರುವುದೆಲ್ಲ ಸಾರಿಗೆ ಹಾಕಿದ ಇಂಗಿನ ಹಾಗೆ. ಮುಂಬದಿಯಲ್ಲಿ "ಸ್ಪಿರುಲಿನಾ (ಒಂದು ಬಗೆಯ ಪಾಚಿ) ಮತ್ತು ಬೆಳ್ಳುಳ್ಳಿಯ ಶಕ್ತಿ" ಎಂದು ಹಸಿರು ಅಕ್ಷರದಲ್ಲಿ ಬರೆದು, ಹಿಂಬದಿಯಲ್ಲಿ ಅವೆರಡೂ ವಿಟಮಿನ್‌ಗಳ ನಂತರ ಬಂದಿದ್ದರೆ ಆ ಶಕ್ತಿ ಎಷ್ಟೆಂದು ನೀವೇ ಊಹಿಸಿ. ಟ್ಯಾಂಕಿನ ಗಾಜಿಗೆ ಅಂಟಿಕೊಳ್ಳುವ ಪ್ಲೆಕೋ ಮೀನಿಗೆಂದು ಮಾರುವ ಆಲ್ಗೀ ವೇಫರ್ ಕೊಳ್ಳುವಾಗ ಇದನ್ನು ತಪ್ಪದೆ ನೋಡಿ. ಹೆಸರಲ್ಲಿ ಪಾಚಿ ಇದ್ದು, ಪಟ್ಟಿಯಲ್ಲಿ ಫಿಶ್ ಮೀಲ್, ಗೋದಿ, ಸೋಯಾ ಎಲ್ಲ ಮುಗಿದ ಮೇಲೆ ಪಾಚಿ ಬರುವುದುಂಟು.

ಹಿಟ್ಟು ಯಾಕೆ ಹಾಕುತ್ತಾರೆ?

ಗೋದಿ ಕಂಡರೆ ಗಾಬರಿ ಬೀಳಬೇಕಿಲ್ಲ. ಬರೀ ಮೀನಿನ ಪುಡಿಯನ್ನು ನೀರಿಗೆ ಹಾಕಿದರೆ ಕದಡಿ ಹೋಗುತ್ತದೆ, ಮೀನಿನ ಬಾಯಿಗೆ ಏನೂ ಸಿಗುವುದಿಲ್ಲ. ಹಿಡಿದು ನಿಲ್ಲಿಸಲು ಅಂಟು ಬೇಕು, ಆ ಅಂಟೇ ಪಿಷ್ಟ. ಕಡ್ಲಿ ಹಿಟ್ಟು ಇಲ್ಲದೆ ಮಿರ್ಚಿ ಭಜಿ ಆಗುತ್ತದೆಯೇ? ಹಿಟ್ಟು ಎಷ್ಟಿರಬೇಕು ಎಂಬುದೇ ಪ್ರಶ್ನೆ.

ಫ್ಲೇಕ್ ಮಾಡುವ ವಿಧಾನ ಚೆನ್ನಾಗಿದೆ. ಎಲ್ಲವನ್ನೂ ಅರೆದು, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬಿಸಿಯಾಗಿ ತಿರುಗುವ ದೊಡ್ಡ ಉರುಳೆಯ ಮೇಲೆ ತೆಳ್ಳಗೆ ಹರಡುತ್ತಾರೆ. ಒಂದು ಸುತ್ತು ಬರುವಷ್ಟರಲ್ಲಿ ಒಣಗಿ ಹಪ್ಪಳದಂತೆ ಏಳುತ್ತದೆ. ಅದನ್ನು ಮುರಿದರೆ ಫ್ಲೇಕ್. ಇದು ಅಂಗಡಿ ಸರಕಾದದ್ದು 1950ರ ದಶಕದಲ್ಲಿ, ಜರ್ಮನಿಯಲ್ಲಿ. ಪೆಲೆಟ್ ಅಂದರೆ ಕಾಳು. ಅದನ್ನು ಶಾವಿಗೆ ಮಷಿನ್‌ನಂಥ ಯಂತ್ರದಲ್ಲಿ ಒತ್ತಿ ತುಂಡು ಮಾಡುತ್ತಾರೆ. ಒತ್ತುವಾಗ ಬಿಸಿ ಮತ್ತು ಒತ್ತಡ ಜಾಸ್ತಿ ಇಟ್ಟರೆ ಹೊರಬಂದ ಕೂಡಲೇ ಒಳಗಿನ ಹಬೆ ಉಬ್ಬಿ ಕಾಳು ಚುರುಮರಿಯಂತೆ ಹಗುರಾಗುತ್ತದೆ, ತೇಲುತ್ತದೆ. ಕಡಿಮೆ ಉಬ್ಬಿಸಿದರೆ ಮುಳುಗುತ್ತದೆ. "ತೇಲುವ ಪೆಲೆಟ್" ಎಂಬುದು ಗುಣಮಟ್ಟದ ಗುರುತಲ್ಲ, ಒಳಗೆ ಗಾಳಿ ಇದೆ ಎಂಬುದರ ಗುರುತು. ಮೇಲೆ ತಿನ್ನುವ ಬೆಟ್ಟಾ, ಗಪ್ಪಿಗಳಿಗೆ ತೇಲುವುದು ಬೇಕು. ತಳದಲ್ಲಿ ಮೇಯುವ ಕೋರಿಡೋರಾಸ್‌ಗೆ ಮುಳುಗುವುದು ಬೇಕು.

ಪ್ರೋಟೀನ್ ಎಷ್ಟೆಂದು ಹೇಗೆ ಎಣಿಸುತ್ತಾರೆ?

ಪ್ಯಾಕೆಟ್‌ನಲ್ಲಿ "ಕ್ರೂಡ್ ಪ್ರೋಟೀನ್" ಎಂದಿರುತ್ತದೆ. ಕ್ರೂಡ್ ಎಂದರೆ ಇಲ್ಲಿ ಅಂದಾಜು. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಎಣಿಸುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಪ್ರೋಟೀನ್‌ನಲ್ಲಿ ಸರಾಸರಿ 16% ಸಾರಜನಕ ಇರುವುದರಿಂದ 100 ಭಾಗಿಸು 16, ಅಂದರೆ 6.25.

ಮದುವೆ ಕಲ್ಯಾಣ ಮಂಟಪದ ಹೊರಗೆ ಚಪ್ಪಲಿ ಎಣಿಸಿ ಒಳಗೆ ಎಷ್ಟು ಜನ ಇದ್ದಾರೆ ಎಂದು ಹೇಳಿದ ಹಾಗೆ ಇದು. ಸಾಮಾನ್ಯವಾಗಿ ಲೆಕ್ಕ ಸರಿ ಬರುತ್ತದೆ. ಆದರೆ ಯಾರೋ ಹಳೇ ಚಪ್ಪಲಿಯ ಮೂಟೆ ತಂದು ಸುರಿದರೆ? 2007ರಲ್ಲಿ ಅಮೆರಿಕದಲ್ಲಿ ಅದೇ ಆಯಿತು. ಚೀನಾದಿಂದ ಬಂದ ವೀಟ್ ಗ್ಲುಟೆನ್‌ಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ್ದರು. ಅದರಲ್ಲಿ ಸಾರಜನಕ ತುಂಬಾ ಇದೆ, ಪ್ರೋಟೀನ್ ಒಂದು ಚೂರೂ ಇಲ್ಲ. ಪರೀಕ್ಷೆಯಲ್ಲಿ ಪಾಸಾದ ಆ ಗ್ಲುಟೆನ್ ಹಾಕಿ ಮಾಡಿದ ಆಹಾರ ತಿಂದು ಬೆಕ್ಕು ನಾಯಿಗಳ ಕಿಡ್ನಿ ಕೆಟ್ಟು ಸತ್ತವು. ಮರುವರ್ಷ, 2008ರಲ್ಲಿ, ಚೀನಾದ ಮಕ್ಕಳ ಹಾಲಿನ ಪುಡಿಯಲ್ಲೂ ಇದೇ ಮೆಲಮೈನ್ ಸಿಕ್ಕಿತು.

ಅದು ಮೋಸದ ಕತೆ. ಮೋಸ ಇಲ್ಲದಿದ್ದರೂ ಈ ಸಂಖ್ಯೆ ಪೂರ್ತಿ ಹೇಳುವುದಿಲ್ಲ. ಕೋಳಿಯ ಪುಕ್ಕದ ಪುಡಿಯಲ್ಲಿ ಪ್ರೋಟೀನ್ ಮೀನಿನ ಪುಡಿಗಿಂತ ಜಾಸ್ತಿ. ಆದರೆ ಸರಿಯಾಗಿ ಬೇಯಿಸಿ ಒಡೆಯದಿದ್ದರೆ ಅದು ಜೀರ್ಣವಾಗುವುದು ಕಷ್ಟ. ಮೀನಿಗೆ ಹೊರಗಿನಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಹತ್ತು. ಅವು ಹದವಾಗಿ ಸಿಗುವುದು ಮೀನು, ಸಿಗಡಿ, ಹುಳುಗಳಂಥ ಪದಾರ್ಥಗಳಲ್ಲಿ. ಆದ್ದರಿಂದ ಶೇಕಡಾ ಸಂಖ್ಯೆಯನ್ನು ಪಟ್ಟಿಯ ಜೊತೆ ಸೇರಿಸಿ ಓದಬೇಕು, ಒಂಟಿಯಾಗಿ ಅಲ್ಲ.

ಆಶ್ ಅಥವಾ ಬೂದಿ ಎಂಬ ಇನ್ನೊಂದು ಸಾಲು ಇರುತ್ತದೆ. ಆಹಾರಕ್ಕೆ ಬೂದಿ ಬೆರೆಸಿದ್ದಾರೆ ಎಂದು ನಮ್ಮ ಅವ್ವ ಗಾಬರಿಯಾದಳು. ಹಾಗಲ್ಲ. ಆಹಾರವನ್ನು ಪೂರ್ತಿ ಸುಟ್ಟರೆ ಉಳಿಯುವುದು ಖನಿಜ, ಅದಕ್ಕೆ ಆ ಹೆಸರು. ಮುಳ್ಳು, ತಲೆ, ಹುರುಪೆ ಜಾಸ್ತಿ ಇದ್ದಷ್ಟೂ ಬೂದಿ ಜಾಸ್ತಿ. ಮಾಂಸ ತೆಗೆದು ಉಳಿದದ್ದರ ಫಿಶ್ ಮೀಲ್ ಬಳಸಿದ್ದಾರೋ ಎಂಬ ಅನುಮಾನಕ್ಕೆ ಇದೇ ದಾರಿ. 15% ದಾಟಿದ್ದರೆ ನಾನು ವಾಪಸ್ ಇಡುತ್ತೇನೆ.

ಈಗ ಒಂದು ಕಳೆಯುವ ಲೆಕ್ಕ. ಪಿಷ್ಟ ಎಷ್ಟೆಂದು ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ನಾವೇ ಹುಡುಕಬೇಕು. ಉದಾಹರಣೆಗೆ ಒಂದರಲ್ಲಿ ಪ್ರೋಟೀನ್ 28, ಕೊಬ್ಬು 3, ನಾರು 6, ಬೂದಿ 12, ತೇವ 10 ಎಂದಿದೆ ಎನ್ನಿ. ಕೂಡಿಸಿದರೆ 59. ನೂರರಲ್ಲಿ ಕಳೆದರೆ 41. ಹೆಚ್ಚುಕಮ್ಮಿ ಅಷ್ಟು ಹಿಟ್ಟು. ಇನ್ನೊಂದರಲ್ಲಿ 42, 8, 3, 11, 8. ಒಟ್ಟು 72, ಉಳಿದದ್ದು 28. ಬೂದಿಯ ಸಾಲೇ ಇಲ್ಲದಿದ್ದರೆ ಸುಮ್ನೆ 10 ಎಂದು ಹಿಡಿಯಿರಿ. ಪ್ರೋಟೀನ್, ಕೊಬ್ಬಿಗೆ "ಕನಿಷ್ಠ", ನಾರು, ತೇವಕ್ಕೆ "ಗರಿಷ್ಠ" ಎಂದು ಬರೆದಿರುವುದರಿಂದ ಇದು ಕರಾರುವಾಕ್ ಅಲ್ಲ. ಎರಡು ಪ್ಯಾಕೆಟ್ ಹೋಲಿಸಲು ಸಾಕು.

ಫ್ರೋಜನ್ ಆಹಾರಕ್ಕೆ ಬಂದರೆ ಜನ ಇಲ್ಲಿ ಎಡವುತ್ತಾರೆ. ಫ್ರೋಜನ್ ಬ್ಲಡ್‌ವರ್ಮ್ ಎಂಬ ಕೆಂಪು ಹುಳದ ಪ್ಯಾಕೆಟ್ ಮೇಲೆ ಪ್ರೋಟೀನ್ 5% ಎಂದಿರುತ್ತದೆ, ಪಕ್ಕದ ಒಣ ಪೆಲೆಟ್ ಮೇಲೆ 40%. ಹಾಗಾದರೆ ಪೆಲೆಟ್ ಎಂಟು ಪಟ್ಟು ಮೇಲೇ? ಅಲ್ಲ. ಆ ಫ್ರೋಜನ್ ತುಂಡಿನಲ್ಲಿ 90% ನೀರೇ. ನೀರು ತೆಗೆದರೆ ಉಳಿಯುವ 10 ಭಾಗದಲ್ಲಿ 5 ಭಾಗ ಪ್ರೋಟೀನ್, ಅಂದರೆ 50%. ನೀರು ಮಜ್ಜಿಗೆಯನ್ನೂ ಗಟ್ಟಿ ಮೊಸರನ್ನೂ ಲೋಟ ಲೆಕ್ಕದಲ್ಲಿ ಹೋಲಿಸಬಾರದು, ಅಷ್ಟೇ.

ಹಾಗಾದರೆ ಜಾಸ್ತಿ ಪ್ರೋಟೀನ್ ಇರುವುದನ್ನೇ ತರಬೇಕೇ?

ಯಾವ ಮೀನು ಎಂಬುದರ ಮೇಲೆ ಹೋಗುತ್ತದೆ. ಎಲ್ಲ ತಿನ್ನುವ ಗೋಲ್ಡ್ ಫಿಶ್‌ಗೆ 30%ರ ಆಸುಪಾಸು ಸಾಕು. ಮಾಂಸಾಹಾರಿ ಡಿಸ್ಕಸ್ ಮೀನಿಗೆ 50%ರ ಹತ್ತಿರ ಬೇಕು. ಗಪ್ಪಿ ನಡುವೆ ಎಲ್ಲೋ ಬರುತ್ತದೆ. ಮರಿಗಳಿಗೆ ದೊಡ್ಡವಕ್ಕಿಂತ ಜಾಸ್ತಿ.

ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟರೆ ಮೀನು ಅದನ್ನು ಕೂಡಿಡುವುದಿಲ್ಲ. ಒಡೆದು, ಸಾರಜನಕವನ್ನು ಅಮೋನಿಯಾ ಮಾಡಿ ಕಿವಿರಿನಿಂದ ನೀರಿಗೆ ಬಿಡುತ್ತದೆ. ಅಮೋನಿಯಾ ಮೀನಿಗೆ ವಿಷ. ಫಿಲ್ಟರ್‌ನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ಆದರೆ ತೆಗೆಯಲು ನೀರು ಬದಲಿಸಬೇಕು. ನಮ್ಮ ಊರಲ್ಲಿ ನೀರು ಬದಲಿಸುವುದೆಂದರೆ ಏನು ಎಂದು ಮೊದಲೇ ಹೇಳಿದೆ.

ಗೋಲ್ಡ್ ಫಿಶ್ ಬಗ್ಗೆ ಇನ್ನೊಂದು ವಿಚಿತ್ರ. ಅದಕ್ಕೆ ಜಠರವೇ ಇಲ್ಲ, ಬಾಯಿಯಿಂದ ಹೋದದ್ದು ನೇರ ಕರುಳಿಗೆ. ಕೂಡಿಟ್ಟುಕೊಳ್ಳುವ ಚೀಲ ಇಲ್ಲದ್ದರಿಂದ ಯಾವಾಗ ನೋಡಿದರೂ ಗಾಜಿಗೆ ಬಾಯಿ ಹಚ್ಚಿ ಬೇಡುತ್ತಲೇ ಇರುತ್ತದೆ. ಮನೆಗೆ ಬಂದ ನೆಂಟರೆಲ್ಲ "ಪಾಪ, ಹಸದಾವು" ಎಂದು ಒಂದೊಂದು ಚಿಟಿಕೆ ಹಾಕಿ ಹೋಗುತ್ತಾರೆ. ನೀರು ಕೆಡಲು ನೆಂಟರೂ ಕಾರಣ.

ಬಣ್ಣದ ಮಾತು, ಮತ್ತು ಬ್ಯಾಡಗಿ

"ಬಣ್ಣ ಹೆಚ್ಚಿಸುತ್ತದೆ" ಎಂಬುದು ಪೂರ್ತಿ ಸುಳ್ಳಲ್ಲ. ಮುಂಬದಿಯ ಕೂಗುಗಳಲ್ಲಿ ವಿಜ್ಞಾನದ ಬೆಂಬಲ ಗಟ್ಟಿಯಾಗಿ ಇರುವುದು ಇದಕ್ಕೇ.

ಮೀನಿನ ಮೈಯ ಕೆಂಪು, ಕಿತ್ತಳೆ, ಹಳದಿ ಬಣ್ಣ ಬಹುಮಟ್ಟಿಗೆ ಕ್ಯಾರೊಟಿನಾಯ್ಡ್ ಎಂಬ ಪದಾರ್ಥಗಳಿಂದ ಬರುತ್ತದೆ. ಮೀನು ಇದನ್ನು ತಾನೇ ತಯಾರಿಸಲಾರದು, ತಿಂದೇ ಪಡೆಯಬೇಕು. ಗಜ್ಜರಿಯ ಬಣ್ಣ, ಚೆಂಡು ಹೂವಿನ ಬಣ್ಣ, ಸಿಗಡಿ ಬೇಯಿಸಿದಾಗ ಕಾಣುವ ಕೆಂಪು, ಎಲ್ಲ ಇದೇ ಬಳಗ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ ಇದೇ ಬಳಗದ್ದು. 2011ರಲ್ಲಿ ಜಿಐ ಟ್ಯಾಗ್ ಪಡೆದ ಈ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಇದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಆ ಕೆಂಪಿನ ಹೆಸರು ಕ್ಯಾಪ್ಸಾಂಥಿನ್. ಮೀನಿನ ಆಹಾರದ ಪಟ್ಟಿಯಲ್ಲಿ "ಪ್ಯಾಪ್ರಿಕಾ" ಎಂದು ಕಂಡರೆ ಅದು ಮೆಣಸಿನಕಾಯಿಯ ಇದೇ ಬಣ್ಣ. ಹಾಗಂತ ಮನೆಯ ಖಾರಪುಡಿ ಟ್ಯಾಂಕಿಗೆ ಹಾಕಬೇಡಿ, ಮಗಳು ಕೇಳಿದಳು, ಅದಕ್ಕೇ ಹೇಳಿದೆ.

ಹುಡುಕಬೇಕಾದ ಹೆಸರುಗಳು ಅಸ್ಟಾಕ್ಸಾಂಥಿನ್ (ಸಿಗಡಿಯ ಆ ಕೆಂಪು), ಕ್ರಿಲ್ (ಸಿಗಡಿಯಂಥ ಸಣ್ಣ ಕಡಲ ಜೀವಿ), ಸಿಗಡಿ, ಸ್ಪಿರುಲಿನಾ, ಪ್ಯಾಪ್ರಿಕಾ, ಮ್ಯಾರಿಗೋಲ್ಡ್ ಅಂದರೆ ಚೆಂಡು ಹೂವು. ಇವುಗಳಲ್ಲಿ ಅಸ್ಟಾಕ್ಸಾಂಥಿನ್ ಮಾತ್ರ ಬಲು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ, ಅದು ಗೆರೆಯ ಕೆಳಗೆ ಬಂದರೂ ತಪ್ಪಿಲ್ಲ. ಗೋಲ್ಡ್ ಫಿಶ್‌ಗೆ ಇನ್ನೊಂದು ಅನುಕೂಲ ಇದೆ, ಸ್ಪಿರುಲಿನಾದಲ್ಲಿರುವ ಝಿಯಾಕ್ಸಾಂಥಿನ್ ಎಂಬ ಬಣ್ಣವನ್ನು ಮೈಯೊಳಗೇ ಅಸ್ಟಾಕ್ಸಾಂಥಿನ್ ಆಗಿ ಬದಲಿಸಿಕೊಳ್ಳುತ್ತದೆ. ಫಲ ಕಾಣಲು ವಾರಗಟ್ಟಲೆ ಬೇಕು. ಮೂರು ದಿನದಲ್ಲಿ ಬಣ್ಣ ಬಂತು ಎಂದರೆ ಟ್ಯಾಂಕಿನ ಲೈಟ್ ಬದಲಾಗಿರಬೇಕು, ಇಲ್ಲವೇ ಹಾರ್ಮೋನ್ ಕೊಟ್ಟಿರಬೇಕು. ಮರಿ ಮೀನುಗಳನ್ನು ಬೇಗ ಬಣ್ಣಕ್ಕೆ ತಂದು ಮಾರಲು ಕೆಲವು ಸಾಕಣೆದಾರರು ಹಾಗೆ ಮಾಡುವುದುಂಟು. ಅಂಥ ಮೀನು ಮನೆಗೆ ಬಂದ ಮೇಲೆ ಮೆಲ್ಲಗೆ ಬಣ್ಣ ಕಳೆದುಕೊಳ್ಳುತ್ತದೆ, ನಾವು ಆಹಾರವನ್ನು ಬೈಯುತ್ತೇವೆ.

ನೀಲಿಯ ಲೆಕ್ಕ ಬೇರೆ. ನಿಯಾನ್ ಟೆಟ್ರಾದ ನೀಲಿ ಗೆರೆ ಬಣ್ಣದ ಪುಡಿಯಿಂದ ಬಂದದ್ದಲ್ಲ. ಚರ್ಮದೊಳಗಿನ ಸಣ್ಣ ಹರಳುಗಳು ಬೆಳಕನ್ನು ತಿರುಗಿಸುವುದರಿಂದ ಹಾಗೆ ಕಾಣುತ್ತದೆ. ಕಪ್ಪನ್ನು ಮೀನು ತಾನೇ ಮಾಡಿಕೊಳ್ಳುತ್ತದೆ. ನೀಲಿ ಬೆಟ್ಟಾ ತಂದವರು ಬಣ್ಣದ ಆಹಾರಕ್ಕೆ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ಖರ್ಚು.

ಕೆಂಪು, ಹಸಿರು, ಹಳದಿ ಕಾಳುಗಳನ್ನು ಬೆರೆಸಿದ ಪ್ಯಾಕೆಟ್ ನೋಡಿದ್ದೀರಲ್ಲ, ಜಾತ್ರೆಯ ಬಣ್ಣದ ಮಿಠಾಯಿ ಹಾಗೆ? ಅಗ್ಗದ ಪ್ಯಾಕೆಟ್‌ಗಳಲ್ಲಿ ಆ ಬಣ್ಣ ಬಹಳ ಸಲ ಬರೀ ಫುಡ್ ಕಲರ್. ಅದು ಮೀನಿಗಲ್ಲ, ಕೊಳ್ಳುವವರ ಕಣ್ಣಿಗೆ.

ಉಳಿದ ಕೂಗುಗಳು

"ನೀರು ಕೆಡಿಸುವುದಿಲ್ಲ." ಜಾಸ್ತಿ ಹಾಕಿದರೆ ಎಲ್ಲ ಆಹಾರವೂ ಕೆಡಿಸುತ್ತದೆ. ಆದರೆ ಬೇಗ ಕರಗುವುದಕ್ಕೂ ಗಟ್ಟಿ ನಿಲ್ಲುವುದಕ್ಕೂ ವ್ಯತ್ಯಾಸ ಇದೆ. ಮನೆಯಲ್ಲೇ ನೋಡಬಹುದು. ಲೋಟದ ನೀರಿಗೆ ಹತ್ತು ಕಾಳು ಹಾಕಿ ಹದಿನೈದು ನಿಮಿಷ ಬಿಡಿ, ಆಮೇಲೆ ಮೆಲ್ಲಗೆ ಅಲುಗಿಸಿ. ನೀರಿಗೆ ಬಣ್ಣ ಬಿಟ್ಟರೆ, ಕಾಳು ಪುಡಿಯಾದರೆ ಟ್ಯಾಂಕಿನಲ್ಲೂ ಅದೇ ಆಗುತ್ತದೆ.

"ತಲೆ ಬೆಳೆಸುತ್ತದೆ." ಇದು ಫ್ಲವರ್‌ಹಾರ್ನ್ ಸಾಕುವವರಿಗೆ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಜಾತಿ ಬೆರೆಸಿ ಮನುಷ್ಯರೇ ಮಾಡಿದ ಮೀನು ಅದು. ಅದರ ತಲೆಯ ಮೇಲಿನ ಉಬ್ಬು ಮುಖ್ಯವಾಗಿ ತಳಿ, ಗಂಡೋ ಹೆಣ್ಣೋ, ವಯಸ್ಸು ಎಷ್ಟು ಎಂಬುದರ ಮೇಲೆ ನಿಂತಿದೆ. ಒಳ್ಳೆಯ ಆಹಾರ ಇರುವ ಗುಣವನ್ನು ತೋರಿಸಬಹುದು, ಇಲ್ಲದ್ದನ್ನು ತರಲಾರದು. ಉಬ್ಬು ದೊಡ್ಡದಾದರೆ ವಾಸ್ತು ಸರಿಯಾಗಿ ಮನೆಗೆ ದುಡ್ಡು ಬರುತ್ತದಂತೆ. ಅಂಗಡಿಗಂತೂ ಬರುತ್ತದೆ.

"ಪ್ರಿಸರ್ವೇಟಿವ್ ಇಲ್ಲ." ಮೀನಿನ ಎಣ್ಣೆ ಬೇಗ ಕೆಡುವಂಥದ್ದು. ಫಿಶ್ ಮೀಲ್ ಹಡಗಿನಲ್ಲಿ ತನ್ನಷ್ಟಕ್ಕೆ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ, ಅದಕ್ಕೇ ಸಾಗಿಸುವ ಮೊದಲೇ ಕೆಡದಂತೆ ತಡೆಯುವ ಪದಾರ್ಥ ಬೆರೆಸುತ್ತಾರೆ. ಪ್ಯಾಕೆಟ್ ಕಂಪನಿ ತಾನು ಬೆರೆಸಿಲ್ಲ ಎಂದರೆ ಪುಡಿ ಮಾಡಿದವರು ಬೆರೆಸಿಲ್ಲ ಎಂದಾಗುವುದಿಲ್ಲ. ಬಹುಕಾಲ ಬಳಸಿದ್ದು ಎಥಾಕ್ಸಿಕ್ವಿನ್, ಯುರೋಪ್ ಒಕ್ಕೂಟ 2017ರಲ್ಲಿ ಅದರ ಅನುಮತಿ ತಡೆಹಿಡಿಯಿತು. ಈಗ ಬಿಎಚ್‌ಎ, ಬಿಎಚ್‌ಟಿ, ಇಲ್ಲವೇ ವಿಟಮಿನ್ ಇ ಬಳಗದ ಟೋಕೋಫೆರಾಲ್ ಕಾಣಿಸುತ್ತವೆ. ಏನೂ ಬೆರೆಸದೆ ಕೆಟ್ಟುಹೋದ ಎಣ್ಣೆಗಿಂತ ಇದು ವಾಸಿ ಎಂದು ನನ್ನ ಅನಿಸಿಕೆ.

"ಪ್ರೋಬಯಾಟಿಕ್." ಅಂದರೆ ಹೊಟ್ಟೆಗೆ ಒಳ್ಳೆಯದೆಂದು ಬೆರೆಸುವ ಜೀವಂತ ಬ್ಯಾಕ್ಟೀರಿಯಾ. ಯಂತ್ರದ ಬಿಸಿಗೆ ಸಾಮಾನ್ಯ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಬಾಸಿಲಸ್ ಜಾತಿಯವು ಗಟ್ಟಿ ಬೀಜದ ರೂಪದಲ್ಲಿ ತಾಳಿಕೊಳ್ಳುತ್ತವೆ. ಬ್ಯಾಕ್ಟೀರಿಯಾದ ಹೆಸರೂ ಸಂಖ್ಯೆಯೂ ಬರೆದಿದ್ದರೆ ಮಾತಿಗೆ ತೂಕ ಇದೆ.

ಬಿಡಿ ಚೀಲ ಯಾಕೆ ಬೇಡ?

ಈಗ ನನ್ನ ಅರ್ಧ ಕೆಜಿ ಚೀಲಕ್ಕೆ ಬರೋಣ. ಅಂಗಡಿಯವರು 10, 20 ಕೆಜಿಯ ಮೂಟೆ ತಂದು ಸಣ್ಣ ಚೀಲಗಳಿಗೆ ತುಂಬಿ ಮಾರುತ್ತಾರೆ. ಮೂಟೆ ಯಾವಾಗ ತೆರೆದದ್ದು, ಎಷ್ಟು ದಿನ ಗಾಳಿಗೆ ಇತ್ತು ಎಂಬುದು ತಿಳಿಯದು. ಒಳಗಿನ ಆಹಾರ ಮೊದಲು ಒಳ್ಳೆಯದೇ ಇರಬಹುದು. ಆದರೆ ಗಾಳಿ, ಬಿಸಿ, ಬೆಳಕು, ತೇವ ಸೇರಿದರೆ ಅದರ ಎಣ್ಣೆ ಕಮಟುತ್ತದೆ, ಹಳೇ ಶೇಂಗಾ ಎಣ್ಣೆಯ ವಾಸನೆ ಬರುತ್ತದಲ್ಲ, ಹಾಗೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿಲಿಗೆ ಶೋಕೇಸ್‌ನಲ್ಲಿ ನೇತುಹಾಕಿದ ಪಾರದರ್ಶಕ ಚೀಲದ ಗತಿ ಏನಾಗಿರಬೇಕು?

ಜೊತೆಗೆ ವಿಟಮಿನ್ ಸಿ ಹೋಗುತ್ತದೆ. ನಮ್ಮ ಹಾಗೆಯೇ ಹೆಚ್ಚಿನ ಮೀನುಗಳೂ ಇದನ್ನು ಮೈಯಲ್ಲಿ ತಯಾರಿಸಲಾರವು. ಬಹಳ ದಿನ ಸಿಗದಿದ್ದರೆ ಬೆನ್ನುಮೂಳೆ ಸೊಟ್ಟಗಾಗುತ್ತದೆ. ಸಾದಾ ವಿಟಮಿನ್ ಸಿ ಬಿಸಿಗೂ ಗಾಳಿಗೂ ಬೇಗ ಹಾಳಾಗುವುದರಿಂದ ಒಳ್ಳೆಯ ಕಂಪನಿಗಳು ತಾಳುವ ರೂಪವನ್ನು ಹಾಕುತ್ತವೆ. ಪಟ್ಟಿಯಲ್ಲಿ "ಆಸ್ಕಾರ್ಬಿಲ್" ಜೊತೆ "ಫಾಸ್ಫೇಟ್" ಎಂಬ ಪದ ಇದ್ದರೆ ಅದೇ. 60 ರೂಪಾಯಿಯದಕ್ಕೂ 450 ರೂಪಾಯಿಯದಕ್ಕೂ ಇರುವ ವ್ಯತ್ಯಾಸದಲ್ಲಿ ಇಂಥ ಕಣ್ಣಿಗೆ ಬೀಳದ ಸಂಗತಿಗಳ ಪಾಲೂ ಇದೆ. ಚಿತ್ರದ, ಡಬ್ಬಿಯ, ಹಡಗಿನ ಪಾಲೂ ಇದೆ.

ಜೀವಂತ ಟ್ಯೂಬಿಫೆಕ್ಸ್ ಹುಳ ಮಾರುವ ಕಡೆ ಒಂದು ಮಾತು. ಅವು ಬೆಳೆಯುವುದು ಗಟಾರದ ಕೆಸರಿನಲ್ಲಿ. ಮೀನು ಆಸೆಯಿಂದ ತಿನ್ನುತ್ತದೆ, ರೋಗವೂ ಜೊತೆಗೆ ಬರಬಹುದು.

ಎಷ್ಟು ತರಬೇಕು?

ಇದನ್ನು ನಾನು ಕೊನೆಗೆ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಮೀನು ತಣ್ಣನೆ ರಕ್ತದ ಪ್ರಾಣಿ, ಮೈ ಬೆಚ್ಚಗಿಡಲು ಅದಕ್ಕೆ ಊಟ ಬೇಕಿಲ್ಲ. ದೊಡ್ಡದಾದ ಮೀನಿಗೆ ದಿನಕ್ಕೆ ಅದರ ತೂಕದ 1%ರಷ್ಟು ಅಥವಾ ಸ್ವಲ್ಪ ಜಾಸ್ತಿ ಸಾಕು. ನಮ್ಮ ನಾಲ್ಕು ಮೀನು ಒಂದೊಂದು 10 ಗ್ರಾಂ ಎಂದರೆ ಒಟ್ಟು 40 ಗ್ರಾಂ. ದಿನಕ್ಕೆ ಅರ್ಧ ಗ್ರಾಂ ಎಂದು ಕೈ ಬಿಚ್ಚಿಯೇ ಹಿಡಿಯೋಣ. 50 ಗ್ರಾಂ ಡಬ್ಬಿ 100 ದಿನ ಬರುತ್ತದೆ. 450 ರೂಪಾಯಿಯದೇ ತಂದರೂ ದಿನಕ್ಕೆ ನಾಲ್ಕೂವರೆ ರೂಪಾಯಿ, 180ರದಾದರೆ ಎರಡು ರೂಪಾಯಿಗೂ ಕಡಿಮೆ. ನಾನು ಅಗ್ಗ ಎಂದು ತಂದ ಅರ್ಧ ಕೆಜಿ? ಸಾವಿರ ದಿನ. ಹತ್ತಿರ ಹತ್ತಿರ ಮೂರು ವರ್ಷ. ತೆರೆದ ಆಹಾರವನ್ನು ಮೂರ್ನಾಲ್ಕು ತಿಂಗಳಲ್ಲಿ ಮುಗಿಸುವುದು ಒಳ್ಳೆಯದು.

ಈಗ 180 ರೂಪಾಯಿಯ ಡಬ್ಬಿ ಮನೆಯಲ್ಲಿದೆ. ಪಟ್ಟಿಯಲ್ಲಿ ಮೊದಲು ಫಿಶ್ ಮೀಲ್, ಗೋದಿ ಎರಡೇ ಕಡೆ, ಸ್ಪಿರುಲಿನಾ ಗೆರೆಯ ಮೇಲೆ. ಡಬ್ಬಿಯ ಮೇಲೆ ತೆರೆದ ದಿನಾಂಕ ಪೆನ್ನಿನಲ್ಲಿ ಬರೆದು ಅಲಮಾರಿಯ ಒಳಗೆ ಇಟ್ಟಿದ್ದೇವೆ, ನೆಂಟರ ಕೈಗೆ ಸಿಗದ ಹಾಗೆ. ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕುವುದು, ಸೋಮವಾರ ಉಪವಾಸ. ಸೋಮವಾರ ಅವ್ವನ ಆಯ್ಕೆ.

ಉಳಿದ ಚೀಲವನ್ನು ಅವ್ವ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದಳು. ಗಿಡ ಚೆನ್ನಾಗಿ ಚಿಗುರಿದೆ. ಓಣಿಯ ಎರಡು ಬೆಕ್ಕು ಮಾತ್ರ ಈಗಲೂ ದಿನಾ ಬಂದು ಬುಡ ಕೆದರಿ ನೋಡಿ ಹೋಗುತ್ತವೆ.